ಕುಂಚ ಬಾಡಿಗೆಗೆ ಇದೆ

2013ರ ಮೇ ತಿಂಗಳಲ್ಲಿ ಅಡೋಬಿ ಕಂಪನಿ ಲಾಸ್ ಏಂಜಲೀಸ್‌ನ ತನ್ನ ಸಮ್ಮೇಳನದಲ್ಲಿ ಡಂಗುರ ಸಾರಿತು: ಫೋಟೊಶಾಪ್, ಇಲ್ಲಸ್ಟ್ರೇಟರ್, ಇನ್‌ಡಿಸೈನ್‌ಗಳ ಹೊಸ ಆವೃತ್ತಿ ಇನ್ನು ಯಾರಿಗೂ ಮಾರಾಟಕ್ಕಿಲ್ಲ. ತಿಂಗಳು ತಿಂಗಳು ದುಡ್ಡು ಕಟ್ಟಿದವರಿಗೆ ಬಳಸಲು ಕೊಡಲಾಗುವುದು. ಕಟ್ಟುವುದು ನಿಂತರೆ ಬಳಕೆಯೂ ನಿಲ್ಲುವುದು. ಜಗತ್ತಿನ ಚಿತ್ರಕಾರರು ಗೋಳೋ ಎಂದರು, ಸಾವಿರಾರು ಮಂದಿ ಮನವಿಗೆ ಸಹಿ ಹಾಕಿದರು. ಷೇರುಪೇಟೆಯವರು ಮಾತ್ರ ಅಳಲಿಲ್ಲ. ಮುಂದಿನ ಎಂಟು ವರ್ಷಗಳಲ್ಲಿ ಆ ಕಂಪನಿಯ ಷೇರಿನ ಬೆಲೆ ಹತ್ತು ಪಟ್ಟಿಗೂ ಮೀರಿ ಏರಿತು. ಕಲಾವಿದರ ಕಣ್ಣೀರಿಗೆ ಅಷ್ಟು ಒಳ್ಳೆಯ ದರ ಅದಕ್ಕೆ ಮೊದಲು ಯಾರೂ ಕೊಟ್ಟಿರಲಿಲ್ಲ.

ಲೆಕ್ಕ ಬಲು ಸರಳ. ಅದಕ್ಕೆ ಹಿಂದಿನ ವರ್ಷ, ಅಂದರೆ 2012ರಲ್ಲಿ, ಎಲ್ಲ ತಂತ್ರಾಂಶಗಳೂ ಸೇರಿದ ಸಿಎಸ್6 ಮಾಸ್ಟರ್ ಕಲೆಕ್ಷನ್‌ನ ಬೆಲೆ 2,599 ಡಾಲರ್. ದುಬಾರಿ, ನಿಜ. ಆದರೆ ಒಮ್ಮೆ ಕೊಂಡರೆ ಕಂಪ್ಯೂಟರ್ ಕೆಟ್ಟು ಕೂರುವವರೆಗೂ ನಿಮ್ಮದು. ಹೊಸ ವ್ಯವಸ್ಥೆಯಲ್ಲಿ ತಿಂಗಳಿಗೆ ಬರೀ 49 ಡಾಲರ್ 99 ಸೆಂಟ್. ಹಾಗೆಂದು ನಂಬಿ ಹನ್ನೆರಡು ವರ್ಷ ಕಟ್ಟಿದವನ ಜೇಬಿನಿಂದ, ದರ ಒಂದು ಸೆಂಟೂ ಏರಲಿಲ್ಲವೆಂದೇ ಇಟ್ಟುಕೊಂಡರೂ, 7,198 ಡಾಲರ್ ಹೋಗಿರುತ್ತದೆ. ದರವೋ ಏರುತ್ತಲೇ ಬಂತು. 2025ರಲ್ಲಿ ಅಮೆರಿಕದ ಗಿರಾಕಿಗಳಿಗೆ ಅದು 69 ಡಾಲರ್ 99 ಸೆಂಟ್ ಮುಟ್ಟಿತು. ಕಾರಣ ಕೇಳಿದರೆ, ಒಳಗೆ ಕೃತಕ ಬುದ್ಧಿಮತ್ತೆ ಸೇರಿಸಿದ್ದೇವೆ ಅಂದರು. ಬಾಡಿಗೆದಾರನ ಕೆಲಸ ಕಿತ್ತುಕೊಳ್ಳಬಹುದಾದ ಯಂತ್ರವನ್ನು ಬಾಡಿಗೆದಾರನ ಖರ್ಚಿನಲ್ಲೇ ತಂದಿಡುವುದು ಸಣ್ಣ ಸಾಮರ್ಥ್ಯವಲ್ಲ.

ಹಳೆಯ ಕಾಲದಲ್ಲೂ ಹೊಸ ಆವೃತ್ತಿಗೆ ಮತ್ತೆ ದುಡ್ಡು ಕೊಡಬೇಕಿತ್ತಲ್ಲ ಎಂದು ಕಂಪನಿಯ ಪರ ವಕೀಲರು ಕೇಳಬಹುದು. ಕೊಡಬೇಕಿತ್ತು, ಬೇಕೆಂದವರು. ಬೇಡವೆಂದವರು ಹಳೆಯದರಲ್ಲೇ ಹತ್ತು ವರ್ಷ ದೂಡುತ್ತಿದ್ದರು. ಹಳತರಲ್ಲಿ ದೂಡುವುದು ಬಡವನಿಗಿರುವ ಏಕೈಕ ಆರ್ಥಿಕ ನೀತಿ. ಕಂಪನಿ ಕಿತ್ತುಕೊಂಡದ್ದು ಅದನ್ನೇ.

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದವರಿಗೆ ಈ ವ್ಯವಹಾರವನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಒಳಗೆ ಹೋಗುವ ದಿನ ಓನರ್ ಮುಖದಲ್ಲಿ ನಗು. ಕಾಫಿಯೂ ಸಿಗುತ್ತದೆ. ಅವರ ನಿಜವಾದ ಪರಿಚಯ ಆಗುವುದು ಖಾಲಿ ಮಾಡುವ ದಿನ. ಪೇಂಟಿಂಗ್ ಚಾರ್ಜ್ ಎಂದು ಒಂದು ತಿಂಗಳ ಬಾಡಿಗೆ, ಮೊಳೆ ಹೊಡೆದದ್ದಕ್ಕೆ ಇಷ್ಟು, ನಲ್ಲಿ ಸೋರಿದ್ದಕ್ಕೆ ಅಷ್ಟು ಅಂತ ಅಡ್ವಾನ್ಸಿನಲ್ಲಿ ಹಿಡಿಯುತ್ತಾ ಹೋಗುತ್ತಾರೆ. ಅಡೋಬಿಯವರೂ ಅಷ್ಟೆ. 'ವಾರ್ಷಿಕ ಒಪ್ಪಂದ, ಮಾಸಿಕ ಪಾವತಿ' ಎಂಬ ಯೋಜನೆಗೆ ಸೇರಿ ನಡುವೆ ಬಿಟ್ಟು ಹೊರಟರೆ, ಉಳಿದ ತಿಂಗಳುಗಳ ಬಾಕಿಯಲ್ಲಿ ಅರ್ಧ ದಂಡ. ತಿಂಗಳಿಗೆ 60 ಡಾಲರ್ ಕಟ್ಟುವವನು ನಾಲ್ಕು ತಿಂಗಳಿಗೆ ಸಾಕಪ್ಪಾ ಎಂದರೆ, ಇನ್ನೆಂಟು ತಿಂಗಳ 480 ಡಾಲರ್‌ನಲ್ಲಿ 240 ಇಟ್ಟು ಹೋಗಬೇಕು. ಈ ಷರತ್ತನ್ನು ಸಣ್ಣ ಅಕ್ಷರದಲ್ಲಿ ಮುಚ್ಚಿಟ್ಟಿದ್ದಾರೆಂದು 2024ರ ಜೂನ್‌ನಲ್ಲಿ ಅಮೆರಿಕದ ಸರ್ಕಾರವೇ ಕೋರ್ಟಿಗೆ ಹೋಯಿತು. ಕಂಪನಿಯ ಅಧಿಕಾರಿಯೊಬ್ಬರೇ ಈ ದಂಡವನ್ನು ಕಂಪನಿಯ ಪಾಲಿನ ಹೆರಾಯಿನ್‌ಗೆ ಹೋಲಿಸಿದ್ದರೆಂಬುದು ಆ ಮೊಕದ್ದಮೆಯ ಕಾಗದಗಳಲ್ಲಿ ಹೊರಬಿತ್ತು. ಚಟ ಬಾಡಿಗೆದಾರನಿಗೆ ಎಂದು ನಾವು ತಿಳಿದಿದ್ದೆವು. ಓನರ್‌ಗೂ ಇತ್ತು.

ಈ ಕಥೆಗೊಂದು ಉಪಕಥೆಯಿದೆ. 2022ರ ಸೆಪ್ಟೆಂಬರಿನಲ್ಲಿ ಇದೇ ಅಡೋಬಿ, ತನಗೆ ಪೈಪೋಟಿ ಕೊಡುತ್ತಿದ್ದ ಫಿಗ್ಮಾ ಎಂಬ ಕಂಪನಿಯನ್ನು 2,000 ಕೋಟಿ ಡಾಲರ್‌ಗೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಯುರೋಪು, ಬ್ರಿಟನ್ನಿನ ನಿಯಂತ್ರಕರು ಹುಬ್ಬು ಗಂಟಿಕ್ಕಿದರು. 2023ರ ಡಿಸೆಂಬರಿನಲ್ಲಿ ಒಪ್ಪಂದ ಮುರಿದುಬಿತ್ತು. ಕರಾರಿನ ಪ್ರಕಾರ ಅಡೋಬಿ ತೆತ್ತ ದಂಡ 100 ಕೋಟಿ ಡಾಲರ್. ನಡುವೆ ಬಿಟ್ಟು ಹೊರಟವರಿಗೆ ಹಾಕುವ ಶುಲ್ಕದ ರುಚಿ ಕಡೆಗೂ ಅದನ್ನು ಕಂಡುಹಿಡಿದವರ ನಾಲಿಗೆಗೂ ಹತ್ತಿತು. ದೇವರಿದ್ದಾನೆಂದು ವಾದಿಸುವವರು ಈ ಒಂದು ಸಾಕ್ಷ್ಯವನ್ನು ಬಳಸಿಕೊಳ್ಳಬಹುದು.

ಇನ್ನು ಬಣ್ಣದ ವಿಷಯ. ಪ್ಯಾಂಟೋನ್ ಎಂಬ ಸಂಸ್ಥೆ ಬಣ್ಣಗಳಿಗೆ ನಂಬರು ಕೊಟ್ಟು ಅದರ ಮೇಲೆ ಬದುಕುತ್ತದೆ. ಅದಕ್ಕೂ ಅಡೋಬಿಗೂ ವ್ಯವಹಾರ ಕೆಟ್ಟು, 2022ರ ಕೊನೆಗೆ ಬಹುತೇಕ ಪ್ಯಾಂಟೋನ್ ಬಣ್ಣಗಳು ಫೋಟೊಶಾಪ್‌ನಿಂದ ಹೊರಬಿದ್ದವು. ಬೇಕಿದ್ದವರು ಅವಕ್ಕೆ ಬೇರೆಯೇ ಚಂದಾ ಕಟ್ಟಬೇಕು. ಕಟ್ಟದವರು ತಮ್ಮದೇ ಹಳೆಯ ಫೈಲು ತೆರೆದರೆ, ಬಣ್ಣವಿದ್ದ ಜಾಗವೆಲ್ಲ ಕಪ್ಪು. ನಮ್ಮಲ್ಲಿ ಒಬ್ಬರ ಮುಖಕ್ಕೆ ಮಸಿ ಬಳಿಯಲು ಹತ್ತು ಕಾರ್ಯಕರ್ತರು, ಒಂದು ಬಾಟಲಿ, ನಾಲ್ಕು ಕ್ಯಾಮೆರಾ ಬೇಕು. ಅಲ್ಲಿ ಒಂದು ಬಾಕಿ ಬಿಲ್ಲು ಸಾಕು.

ಓನರ್ ಬಳಿ ಸ್ಪೇರ್ ಕೀ ಕೂಡ ಇರುತ್ತದೆ. 2024ರಲ್ಲಿ ಅಡೋಬಿಯ ಷರತ್ತುಗಳ ಹೊಸ ಪಠ್ಯ ಓದಿದ ಕಲಾವಿದರು, ತಮ್ಮ ಚಿತ್ರಗಳನ್ನು ಕಂಪನಿ ಯಂತ್ರದ ಮೂಲಕವೂ ಮನುಷ್ಯರ ಮೂಲಕವೂ ನೋಡಬಹುದೆಂದು ಬರೆದಿರುವುದನ್ನು ಕಂಡು ಕೆಂಡವಾದರು. ನಿಮ್ಮ ಚಿತ್ರಗಳಿಂದ ನಮ್ಮ ಕೃತಕ ಬುದ್ಧಿಮತ್ತೆಗೆ ತರಬೇತಿ ಕೊಡುವುದಿಲ್ಲ ಎಂದು ಸಮಜಾಯಿಷಿ ಕೊಟ್ಟು ಕಂಪನಿ ಷರತ್ತುಗಳನ್ನು ತಿದ್ದಿ ಬರೆಯಿತು. ಓನರ್‌ನ ದೇಶಕ್ಕೂ ನಿಮ್ಮ ದೇಶಕ್ಕೂ ಜಗಳವಾದರೆ ಏನು ಗತಿ ಎಂಬುದನ್ನು 2019ರಲ್ಲಿ ವೆನೆಜುವೆಲಾದವರು ಕಂಡರು. ಅಮೆರಿಕದ ನಿರ್ಬಂಧದ ನೆಪದಲ್ಲಿ ಆ ದೇಶದ ಅಷ್ಟೂ ಖಾತೆಗಳನ್ನು ಬಂದ್ ಮಾಡುವುದಾಗಿ ಅವರಿಗೆ ನೋಟಿಸು ಬಂತು. ಆಮೇಲೆ ಅಮೆರಿಕ ಸರ್ಕಾರದ ಅನುಮತಿ ಸಿಕ್ಕಿ ಅದು ತಪ್ಪಿತು. ಹೆದರಿಕೆ ಮಾತ್ರ ಚಂದಾದಲ್ಲೇ ಸೇರಿತ್ತು.

ಇಷ್ಟೆಲ್ಲ ಕೇಳಿ ಕರ್ನಾಟಕದ ಓದುಗರು ಮರುಗಬೇಕಿಲ್ಲ. ನಮಗೆ ಈ ಸಂಕಟ ಅಷ್ಟಾಗಿ ತಟ್ಟಿಲ್ಲ. ಯಾಕೆಂದರೆ ನಾವು ಬಾಡಿಗೆ ಕಟ್ಟಿದವರೇ ಅಲ್ಲ. ಬೀಗ ಒಡೆದು ಒಳಗೆ ಕೂತವರು.

ಯಾವ ಜಿಲ್ಲಾ ಕೇಂದ್ರದ ಬಸ್‌ಸ್ಟ್ಯಾಂಡಿನ ಎದುರಾದರೂ ನಿಲ್ಲಿ. ಸಾಲು ಫ್ಲೆಕ್ಸ್ ಅಂಗಡಿ, ಡಿಟಿಪಿ ಅಂಗಡಿ, ಮದುವೆ ಕಾರ್ಡಿನ ಅಂಗಡಿ. ಒಳಗಿನ ಕಂಪ್ಯೂಟರಿನಲ್ಲಿ ಕೋರೆಲ್ ಡ್ರಾ, ಫೋಟೊಶಾಪ್. ಅವು ಅಲ್ಲಿಗೆ ಬಂದದ್ದು ಪೆನ್ ಡ್ರೈವ್ ಎಂಬ ಹೆಬ್ಬಾಗಿಲಿನಿಂದ. ಅಂಗಡಿಯ ಗೋಡೆಗೆ ಲಕ್ಷ್ಮಿಯ ಪಟ, ಕಂಪ್ಯೂಟರಿನ ಒಳಗೆ ಕ್ರ್ಯಾಕ್. ಇಂಟರ್‌ನೆಟ್ ತಂತಿ ಕಿತ್ತಿಟ್ಟಿದ್ದಾರೆ. ಕಂಪನಿಗೆ ಗೊತ್ತಾದೀತೆಂಬ ಭಯ. ಆ್ಯಂಟಿವೈರಸ್ ಬಂದ್ ಮಾಡಿದ್ದಾರೆ; ಅದು ಕ್ರ್ಯಾಕನ್ನೇ ವೈರಸ್ ಎಂದು ಹಿಡಿದುಹಾಕುತ್ತದೆಂಬ ಚಿಂತೆ. ಅಪ್‌ಡೇಟ್ ಎಂಬ ಮಾತು ಆಡಿದರೆ ಅಪಶಕುನ. ಇಂಥ ಅಂಗಡಿಗೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಇಂಕ್‌ಸ್ಕೇಪ್ ತಂದನೆನ್ನಿ. ಮಾತುಕತೆ ಹೀಗೆ ಸಾಗುತ್ತದೆ:

"ಅಣ್ಣ, ಇದೂ ಕೋರೆಲ್ ಥರಾನೇ. ದುಡ್ಡಿಲ್ಲ, ಕ್ರ್ಯಾಕೂ ಬೇಡ."

"ದುಡ್ಡಿಲ್ಲ ಅಂದ್ರೆ?"

"ಬಿಟ್ಟಿ ಅಣ್ಣ. ಯಾರು ಬೇಕಾದ್ರೂ ಹಾಕ್ಕೋಬೋದು."

"ಯಾಕೋ ಬಿಟ್ಟಿ ಕೊಡ್ತಾರೆ?"

"ಜನ ಸೇರ್ಕೊಂಡು ಮಾಡಿರೋದಂತೆ."

"ಹಂಗಾದ್ರೆ ಅದರಲ್ಲಿ ಏನೋ ಐತೆ ಕಣೋ. ವೈರಸ್ಸೋ ಏನೋ. ಮೊದ್ಲು ತೆಗಿ ಅದನ್ನ."

ಕಳ್ಳಮಾಲಿನ ಬಗ್ಗೆ ನಮ್ಮವರಿಗೆ ಎಳ್ಳಷ್ಟೂ ಅನುಮಾನವಿಲ್ಲ. ಅನುಮಾನವೆಲ್ಲ ದಾನದ ಬಗ್ಗೆ. ಸಾವಿರಾರು ರೂಪಾಯಿಯ ವಸ್ತುವನ್ನು ಕದ್ದೆ ಎನ್ನುವಾಗ ಆ ಸಾವಿರಾರು ರೂಪಾಯಿಯ ಘನತೆ ಕದ್ದವನಿಗೂ ಅಂಟಿಕೊಳ್ಳುತ್ತದೆ. ಬೆಲೆಯಿಲ್ಲದ್ದನ್ನು ಬಳಸಿದರೆ ಅಂಟಿಕೊಳ್ಳಲು ಏನಿದೆ?

ಇದರ ಮೇಲೊಂದು ಸಿದ್ಧಾಂತವೂ ಇದೆ. ಕ್ರ್ಯಾಕ್ ಹಾಕಿಕೊಳ್ಳುವುದು ಬಹುರಾಷ್ಟ್ರೀಯ ಕಂಪನಿಯ ವಿರುದ್ಧ ಬಡವನ ಬಂಡಾಯವಂತೆ. ಈ ಬಂಡಾಯಗಾರರು ಬಿಲ್ ಗೇಟ್ಸ್ 1998ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಆಡಿದ ಮಾತನ್ನು ಕೇಳಬೇಕು. ಚೀನಾದವರು ತಂತ್ರಾಂಶಕ್ಕೆ ದುಡ್ಡು ಕೊಡುತ್ತಿಲ್ಲ ಎಂಬ ಪ್ರಸ್ತಾಪ ಬಂದಾಗ ಅವರು ಹೇಳಿದ್ದರ ಸಾರ ಇಷ್ಟು: ಹೇಗೂ ಕದಿಯುತ್ತಾರಲ್ಲ, ನಮ್ಮದನ್ನೇ ಕದಿಯಲಿ, ಚಟ ಹತ್ತಲಿ, ವಸೂಲಿಯ ದಾರಿಯನ್ನು ಮುಂದಿನ ದಶಕದಲ್ಲಿ ಹುಡುಕಿಕೊಳ್ಳೋಣ. ಕಳ್ಳ ತಾನು ಕನ್ನ ಹಾಕಿದೆ ಎಂದುಕೊಂಡ ಜಾಗದಲ್ಲಿ ಮಾಲೀಕ ಮೊದಲೇ ಬಾಗಿಲು ತೆರೆದಿಟ್ಟಿದ್ದ.

ನಮ್ಮ ಫ್ಲೆಕ್ಸ್ ಅಂಗಡಿಯ ಹುಡುಗನ ಜಾತಕವನ್ನೇ ನೋಡಿ. ಅವನು ಐದು ವರ್ಷ ಕದ್ದ ಫೋಟೊಶಾಪ್‌ನಲ್ಲಿ ಕೈ ಪಳಗಿಸಿಕೊಳ್ಳುತ್ತಾನೆ. ಅದರ ಶಾರ್ಟ್‌ಕಟ್‌ಗಳು ಬೆರಳಿಗೆ ಇಳಿಯುತ್ತವೆ. ಒಂದು ದಿನ ಬೆಂಗಳೂರಿನ ಜಾಹೀರಾತು ಕಂಪನಿಗೆ ಅರ್ಜಿ ಹಾಕುತ್ತಾನೆ. ಅಲ್ಲಿ ಕೇಳುವುದು ಚಿತ್ರ ಬರೆಯಲು ಬರುತ್ತದೆಯೇ ಎಂದಲ್ಲ, ಫೋಟೊಶಾಪ್ ಬರುತ್ತದೆಯೇ ಎಂದು. ಬರುತ್ತದೆ ಎಂದ ಕೂಡಲೇ ಆ ಕಂಪನಿ ಅವನ ಹೆಸರಿನಲ್ಲಿ ಇನ್ನೊಂದು ಚಂದಾ ಕಟ್ಟಲು ಶುರುಮಾಡುತ್ತದೆ. ಐದು ವರ್ಷದ ತರಬೇತಿಯ ಖರ್ಚು ಹುಡುಗನದು, ಕರೆಂಟು ಅಂಗಡಿಯದು, ಲಾಭ ಅಡೋಬಿಯದು. ಈ ಬಂಡಾಯಗಾರನನ್ನು ಸಂಬಳವಿಲ್ಲದ ಮಾರಾಟ ಪ್ರತಿನಿಧಿ ಎಂದು ಕರೆದರೆ ಅವನಿಗೆ ಅವಮಾನವಾಗಬಹುದು. ಆದರೆ ಮಾರಾಟ ಪ್ರತಿನಿಧಿಗಳಿಗೆ ಟಿಎ, ಡಿಎ ಆದರೂ ಇರುತ್ತದೆ.

ಹಾಗಾದರೆ ಬಾಡಿಗೆಯೂ ಬೇಡ, ಕಳವೂ ಬೇಡ ಎನ್ನುವವನಿಗೆ ಬೇರೆ ಮನೆಯೇ ಇಲ್ಲವೇ? ಇವೆ. ಬೇಕಾದಷ್ಟಿವೆ. ಕೆಲವು ದಶಕಗಳಿಂದ ಬಾಗಿಲು ತೆರೆದುಕೊಂಡೇ ಇವೆ.

ಗಿಂಪ್‌ನಿಂದ ಶುರುಮಾಡೋಣ. ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಕೈಹಾಕಿದ ಕೆಲಸ. ಫೋಟೊ ತಿದ್ದಲು, ಹಿನ್ನೆಲೆ ಕತ್ತರಿಸಲು, ಭಾವಿ ಶಾಸಕರ ತಲೆಯ ಮೇಲೆ ಕೂದಲು ಬೆಳೆಸಲು ಬೇಕಾದುದೆಲ್ಲ ಅದರಲ್ಲಿದೆ. ತಡ ಮಾಡುವುದು ಅದರ ಜಾಯಮಾನ. 2018ರಲ್ಲಿ 2.10 ಬಂತು, ಮೂರನೆಯ ಆವೃತ್ತಿ ಬರಲು 2025ರ ಮಾರ್ಚ್ ಆಯಿತು. ಆಡಿಕೊಳ್ಳುವವರು ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿನ ಹಳದಿ ಮೆಟ್ರೊ ಮಾರ್ಗ ಕಡೆಗೂ ತೆರೆದದ್ದನ್ನು ನೆನೆದು ಸುಮ್ಮನಾಗಬೇಕು. ಅದಕ್ಕೆ ಟಿಕೆಟ್ಟಾದರೂ ಇದೆ.

ಇಂಕ್‌ಸ್ಕೇಪ್ 2003ರಲ್ಲಿ ಹುಟ್ಟಿದ್ದು. ಲೋಗೊ, ಲಗ್ನಪತ್ರಿಕೆ, ಲೇಬಲ್ಲು ಮಾಡುವವರಿಗೆ ಹೇಳಿ ಮಾಡಿಸಿದ್ದು. ಕೋರೆಲ್‌ನ ಸಿಡಿಆರ್ ಫೈಲುಗಳನ್ನೂ, ಕೈಕಾಲು ಒಂದಿಷ್ಟು ಸೊಟ್ಟಗಾದರೂ, ತೆರೆದು ತೋರಿಸುತ್ತದೆ. ಚಿತ್ರ ಬರೆಯುವವರಿಗೆ ಕ್ರಿಟಾ ಇದೆ. ಅದರ ವ್ಯಾಪಾರದ ಜಾಣ್ಮೆಯನ್ನು ನಮ್ಮವರು ಮೆಚ್ಚಬೇಕು. ಅವರ ಸ್ವಂತ ತಾಣದಲ್ಲಿ ಅದು ಬಿಟ್ಟಿ, ಸ್ಟೀಮ್ ಮತ್ತು ಮೈಕ್ರೊಸಾಫ್ಟ್ ಅಂಗಡಿಗಳಲ್ಲಿ ಬೆಲೆ ಕೊಟ್ಟು ಕೊಳ್ಳಬೇಕು. ದುಡ್ಡು ಕೊಡದೆ ನಂಬಿಕೆ ಬರುವುದಿಲ್ಲ ಎನ್ನುವವರು ಅಲ್ಲಿ ಕೊಂಡು ನಂಬಬಹುದು, ಆ ದುಡ್ಡು ಕ್ರಿಟಾ ಬೆಳೆಸುವವರಿಗೇ ಹೋಗುತ್ತದೆ.

ಫೋಟೊಪಿಯ ಎಂಬುದೊಂದಿದೆ. ಒಬ್ಬನೇ ಮನುಷ್ಯ ಬರೆದು ಬೆಳೆಸಿದ ತಂತ್ರಾಂಶ. ಇನ್‌ಸ್ಟಾಲ್ ಮಾಡುವುದೇ ಬೇಡ, ಬ್ರೌಸರಿನಲ್ಲೇ ತೆರೆಯುತ್ತದೆ. ಫೋಟೊಶಾಪ್‌ನ ಪಿಎಸ್‌ಡಿ ಫೈಲನ್ನು ಪದರ ಪದರವಾಗಿ ಬಿಚ್ಚುತ್ತದೆ. ಪಕ್ಕದಲ್ಲಿ ನಾಲ್ಕು ಜಾಹೀರಾತು ನೋಡಬೇಕು, ಅಷ್ಟೆ. ದೊಡ್ಡ ಕಂಪನಿಯ ಸಾವಿರಾರು ಎಂಜಿನಿಯರುಗಳು ಮಾಡುವ ಕೆಲಸದಲ್ಲಿ ನಮಗೆ ನಿಜವಾಗಿ ಬೇಕಾದ ಭಾಗವನ್ನು ಒಬ್ಬನೇ ಮಾಡಿಕೊಡಬಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಉಳಿದವರು ಏನು ಮಾಡುತ್ತಿದ್ದಾರೆಂದು ಕೇಳಬಾರದು. ಪ್ರಾಯಶಃ ಚಂದಾ ರದ್ದುಮಾಡುವ ಬಟನ್ ಎಲ್ಲಿಡಬೇಕೆಂದು ಚರ್ಚಿಸುತ್ತಿರುತ್ತಾರೆ.

ಬ್ಲೆಂಡರ್‌ನ ಕಥೆ ಇನ್ನೂ ದೊಡ್ಡದು. ಮೂರು ಆಯಾಮದ ಚಿತ್ರಗಳನ್ನು ಮಾಡುವ ಈ ತಂತ್ರಾಂಶದ ಹಿಂದಿದ್ದ ಕಂಪನಿ ಮುಳುಗಿದಾಗ, ಅದನ್ನು ಕಟ್ಟಿದ ಡಚ್ಚರ ಟಾನ್ ರೂಸೆಂಡಾಲ್ 2002ರಲ್ಲಿ ಜನರ ಮುಂದೆ ಕೈಚಾಚಿದರು. ಏಳೇ ವಾರದಲ್ಲಿ ಒಂದು ಲಕ್ಷ ಯೂರೊ ಕೂಡಿತು. ಹೂಡಿಕೆದಾರರ ಕೈಯಿಂದ ಬಿಡಿಸಿಕೊಂಡು ಬಂದ ಬ್ಲೆಂಡರ್ ಅಂದಿನಿಂದ ಎಲ್ಲರದು. 2025ರಲ್ಲಿ, ಅದರಲ್ಲೇ ಮಾಡಿದ ಲಾಟ್ವಿಯಾದ 'ಫ್ಲೋ' ಎಂಬ ಮಾತಿಲ್ಲದ ಬೆಕ್ಕಿನ ಚಿತ್ರ, ಪಿಕ್ಸಾರ್ ಮತ್ತು ಡ್ರೀಮ್‌ವರ್ಕ್ಸ್‌ನ ಚಿತ್ರಗಳನ್ನು ಹಿಂದೆ ಹಾಕಿ ಅತ್ಯುತ್ತಮ ಆ್ಯನಿಮೇಷನ್ ಚಿತ್ರದ ಆಸ್ಕರ್ ಗೆದ್ದಿತು. ಇದನ್ನು ಹೇಳಿದರೆ ನಮ್ಮ ಅಂಗಡಿಯ ಅಣ್ಣ ಒಂದೇ ಪ್ರಶ್ನೆ ಕೇಳುತ್ತಾರೆ: "ಆಸ್ಕರ್ ಇರ್ಲಿ, ಅದರಲ್ಲಿ ಬರ್ತ್‌ಡೇ ಬ್ಯಾನರ್ ಆಗುತ್ತಾ?"

ಒಮ್ಮೆ ಕೊಂಡರೆ ಮುಗಿಯಿತು ಎನ್ನುವ ಜಾತಿಯದೂ ಇದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದವರ ಪ್ರೊಕ್ರಿಯೇಟ್‌ಗೆ ಇಂದಿಗೂ ಚಂದಾ ಇಲ್ಲ, ಸಣ್ಣದೊಂದು ಬೆಲೆ ಒಮ್ಮೆ ಕೊಟ್ಟರೆ ಸಾಕು. ಆದರೆ ಅದು ಓಡುವುದು ಐಪ್ಯಾಡಿನಲ್ಲಿ, ಐಫೋನಿನಲ್ಲಿ ಮಾತ್ರ. ಕುಂಚ ಅಗ್ಗ, ಹಾಳೆಯ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಸೆರಿಫ್ ಕಂಪನಿ 2014ರಿಂದ ಅಫಿನಿಟಿ ಎಂಬ ಹೆಸರಿನಲ್ಲಿ ಚಂದಾ ಇಲ್ಲದ ಮಾಲು ಮಾರುತ್ತಿತ್ತು. ಬಾಡಿಗೆಯಿಂದ ಬೇಸತ್ತವರೆಲ್ಲ ಅತ್ತ ಓಡಿದರು. 2024ರಲ್ಲಿ ಆ ಇಡೀ ಕಟ್ಟಡವನ್ನೇ ಕ್ಯಾನ್ವಾ ಎಂಬ ಕಂಪನಿ ಕೊಂಡಿತು. 2025ರ ಅಕ್ಟೋಬರಿನಲ್ಲಿ ಅಫಿನಿಟಿ ಎಲ್ಲರಿಗೂ ಉಚಿತ ಎಂದು ಘೋಷಣೆಯಾಯಿತು. ಕೃತಕ ಬುದ್ಧಿಮತ್ತೆಯ ಸವಲತ್ತು ಬೇಕಾದವರು ಮಾತ್ರ ಕ್ಯಾನ್ವಾಕ್ಕೆ ಚಂದಾ ಕಟ್ಟಬೇಕು. ಉಳಿದವರು ಒಂದು ಖಾತೆ ತೆರೆದು ಒಳಗೆ ಬಂದರೆ ಆಯಿತು. ಒಳ್ಳೆಯದೇ, ಬಳಸಿ. ಆದರೆ ಗಿಂಪ್, ಕ್ರಿಟಾಗಳಿಗೂ ಇದಕ್ಕೂ ಇರುವ ಒಂದು ವ್ಯತ್ಯಾಸ ನೆನಪಿರಲಿ. ಅವುಗಳ ಮೂಲ ಸಂಕೇತ ಊರವರದು, ನಾಳೆ ಯಾರ ಮನಸ್ಸು ಕೆಟ್ಟರೂ ಇನ್ನೊಬ್ಬರು ಎತ್ತಿಕೊಂಡು ಮುಂದುವರಿಸಬಹುದು. ಇಲ್ಲಿ ಬಾಡಿಗೆ ಮನ್ನಾ ಆಗಿದೆ, ಕ್ರಯಪತ್ರ ಮಾತ್ರ ಓನರ್ ಬಳಿಯೇ ಇದೆ.

ಈಗ ಕನ್ನಡದ ಮಾತಿಗೆ ಬರೋಣ. ಕನ್ನಡಕ್ಕಾಗಿ ಪ್ರಾಣ ಕೊಡುವವರ ಬ್ಯಾನರುಗಳಲ್ಲಿ ಒತ್ತಕ್ಷರಗಳು ಮೊದಲು ಪ್ರಾಣ ಬಿಡುತ್ತವೆ. ಫೋಟೊಶಾಪ್‌ನ ಹಳೆಯ ಆವೃತ್ತಿಗಳಿಗೆ ಯುನಿಕೋಡ್ ಕನ್ನಡ ಕೊಟ್ಟರೆ ಒತ್ತು ಒಂದೆಡೆ, ಅಕ್ಷರ ಇನ್ನೊಂದೆಡೆ. ಹೊಸತರಲ್ಲೂ ಸೆಟ್ಟಿಂಗ್ಸ್ ಒಳಗೆ ಹೊಕ್ಕು ಅಕ್ಷರ ಜೋಡಿಸುವ ವಿಧಾನ ಬದಲಿಸದಿದ್ದರೆ ಇದೇ ಪಾಡು ಆಗಬಹುದು. ಅಂಗಡಿಯವರು ಇದಕ್ಕೆ ಕಂಡುಕೊಂಡ ಪರಿಹಾರ ನುಡಿ, ಶ್ರೀಲಿಪಿಗಳ ಹಳೆಯ ಆಸ್ಕಿ ಫಾಂಟು. ನೋಡಲು ಕನ್ನಡ, ಕಂಪ್ಯೂಟರಿನ ಲೆಕ್ಕಕ್ಕೆ ಅರ್ಥವಿಲ್ಲದ ಗೀರುಗಳು. ಫಾಂಟ್ ಬದಲಿಸಿದರೆ ಮದುಮಗಳ ಹೆಸರು ಮಂತ್ರವಾಗುತ್ತದೆ. ತಮಾಷೆಯೆಂದರೆ, ವೈರಸ್ಸಿದೆ ಎಂದು ಅಣ್ಣ ತೆಗೆಸಿಹಾಕಿದರಲ್ಲ, ಆ ಇಂಕ್‌ಸ್ಕೇಪ್, ಜೊತೆಗೆ ಗಿಂಪ್, ಯುನಿಕೋಡ್ ಕನ್ನಡವನ್ನು ಯಾವ ಮುಲಾಜೂ ಇಲ್ಲದೆ ಸರಿಯಾಗಿ ಕೂರಿಸುತ್ತವೆ. ಅಕ್ಷರ ಜೋಡಿಸಲು ಅವು ನೆಚ್ಚುವ ಹಾರ್ಫ್‌ಬಜ್ ಎಂಬ ಉಪಕರಣವೂ ಬಿಟ್ಟಿಯದೇ. ಅನೆಕ್ ಕನ್ನಡ, ಬಲೂ ತಮ್ಮ, ತಿರೊ ಕನ್ನಡ, ನೋಟೊ ಕನ್ನಡ ಎಂದು ಅಂದದ ಯುನಿಕೋಡ್ ಫಾಂಟುಗಳು ಕಾಸಿಲ್ಲದೆ ಸಿಗುತ್ತವೆ. ಒಂದು ಒತ್ತಿಗಾಗಿ ನಾವು ಕಳವು ಮಾಡಲು ತಯಾರು, ಡೌನ್‌ಲೋಡ್ ಮಾಡಲು ತಯಾರಿಲ್ಲ.

ನಮ್ಮ ಎಷ್ಟೋ ಮುದ್ರಣಾಲಯಗಳಲ್ಲಿ ಪುಟ ಕಟ್ಟುವ ಅಡೋಬಿಯ ಪೇಜ್‌ಮೇಕರ್ ಇನ್ನೂ ಉಸಿರಾಡುತ್ತಿದೆ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಓನರ್ ಆ ಕಟ್ಟಡವನ್ನೇ ಕೈಬಿಟ್ಟು ಎರಡು ದಶಕ ಕಳೆದಿದೆ, ನಮ್ಮವರು ಇನ್ನೂ ಒಳಗಿದ್ದಾರೆ. ಇದನ್ನು ಬಿಡಲು ಸಾಧ್ಯವೇ ಇಲ್ಲ ಎನ್ನುವವರು ನೆರೆಯ ಕೇರಳದತ್ತ ಕತ್ತು ತಿರುಗಿಸಬೇಕು. ಅಲ್ಲಿನ 'ಜನಯುಗಂ' ದಿನಪತ್ರಿಕೆ 2019ರಲ್ಲಿ ಹಳೆಯ ವ್ಯವಸ್ಥೆಯನ್ನು ಕೈಬಿಟ್ಟು, ಪುಟ ಕಟ್ಟುವ ಬಿಟ್ಟಿ ತಂತ್ರಾಂಶವಾದ ಸ್ಕ್ರೈಬಸ್, ಗಿಂಪ್, ಇಂಕ್‌ಸ್ಕೇಪ್‌ಗಳಿಗೆ ಬಂತು. ದಿನಾ ರಾತ್ರಿ ಗಡುವಿಗೆ ಸರಿಯಾಗಿ ಪುಟ ಕಟ್ಟುವ ಕೆಲಸವದು, ತಿಂಗಳಿಗೊಂದು ಕರಪತ್ರವಲ್ಲ. ಆ ರಾಜ್ಯದ ಶಾಲಾ ಮಕ್ಕಳು ಗಿಂಪ್, ಇಂಕ್‌ಸ್ಕೇಪ್‌ಗಳನ್ನು ಪಾಠವಾಗಿಯೇ ಕಲಿಯುತ್ತಾರೆ. ನಾವೂ ಕೇರಳದಿಂದ ಕಲಿಯುತ್ತೇವೆ. ಆದರೆ ಪರೋಟಾ ಹಂತ ದಾಟಿಲ್ಲ.

ಬಿಟ್ಟಿ ತಂತ್ರಾಂಶಗಳಲ್ಲಿ ಕೊರತೆಯೇ ಇಲ್ಲವೆಂದು ಹೇಳಿದರೆ ನಾನೂ ಮಾರಾಟ ಪ್ರತಿನಿಧಿಯಾಗುತ್ತೇನೆ. ಕೊರತೆಗಳಿವೆ. ಮುದ್ರಣಕ್ಕೆ ಬೇಕಾದ ನಾಲ್ಕು ಬಣ್ಣಗಳ ವಿಷಯದಲ್ಲಿ ಗಿಂಪ್, ಇಂಕ್‌ಸ್ಕೇಪ್‌ಗಳು ಇನ್ನೂ ಅರೆಪಳಗಿದವು. ಆ ಕೆಲಸವನ್ನು ಸ್ಕ್ರೈಬಸ್‌ಗೆ ಒಯ್ದು ಮುಗಿಸಬೇಕು. ಸ್ಕ್ರೈಬಸ್ಸಿನ ಮುಖ ನೋಡಿದರೆ ಸರ್ಕಾರಿ ಅರ್ಜಿ ನಮೂನೆ ನೆನಪಾಗುತ್ತದೆ. ಹಳೆಯ ಶಾರ್ಟ್‌ಕಟ್‌ಗಳನ್ನು ಬೆರಳು ಮರೆಯಬೇಕು, ಹೊಸತನ್ನು ಕಲಿಯಬೇಕು. ವಾರಗಟ್ಟಲೆ ಕೈ ತಡವರಿಸುತ್ತದೆ. ದೊಡ್ಡ ತಂಡದಲ್ಲಿ ದಿನಕ್ಕೆ ಹತ್ತು ಕೈ ಬದಲಾಗುವ ಕೆಲಸ ಮಾಡುವವರು, ಅದರಿಂದಲೇ ಸಂಪಾದಿಸುವವರು, ಲೆಕ್ಕ ಹಾಕಿ ಬಾಡಿಗೆ ಕಟ್ಟಿದರೆ ತಪ್ಪೇನೂ ಇಲ್ಲ. ಬಾಡಿಗೆ ಮನೆಯಲ್ಲಿರುವುದು ಅಪರಾಧವಲ್ಲ. ತಿಂಗಳಿಗೆರಡು ಪೋಸ್ಟರ್ ಮಾಡುವವನು ಅಪಾರ್ಟ್‌ಮೆಂಟ್ ಹಿಡಿಯುವುದು, ಹಿಡಿಯಲಾಗದ್ದಕ್ಕೆ ಬೀಗ ಒಡೆಯುವುದು, ಪಕ್ಕದಲ್ಲೇ ಇರುವ ಸ್ವಂತ ಮನೆಯ ಬಾಗಿಲನ್ನು ತಳ್ಳಿಯೂ ನೋಡದಿರುವುದು: ನಗು ತರಿಸುವುದು ಇದು.

ಆದರೆ ನಮ್ಮ ಅಂಗಡಿಗಳು ಬಿಡದಿರುವುದಕ್ಕೆ ನಿಜವಾದ ಕಾರಣ ಬಣ್ಣವೂ ಅಲ್ಲ, ಬೆರಳೂ ಅಲ್ಲ. ಫ್ಲೆಕ್ಸ್ ಯಂತ್ರಕ್ಕೆ ಕೊನೆಗೆ ಹೋಗುವುದು ಒಂದು ಟಿಫ್ ಅಥವಾ ಜೆಪೆಗ್ ಚಿತ್ರ. ಅದು ಯಾವ ತಂತ್ರಾಂಶದ ಹೊಟ್ಟೆಯಲ್ಲಿ ಹುಟ್ಟಿತೆಂದು ಯಂತ್ರ ಜಾತಿ ಪ್ರಮಾಣಪತ್ರ ಕೇಳುವುದಿಲ್ಲ. ಕೇಳುವವರು ಮನುಷ್ಯರು. "ಸಿಡಿಆರ್ ಕಳ್ಸಿ ಸಾರ್, ಓಪನ್ ಫೈಲ್ ಬೇಕು." ಯಾಕೆ ಬೇಕು? ಕೊನೇ ಗಳಿಗೆಯಲ್ಲಿ ತಿದ್ದಬೇಕಾಗುತ್ತದೆ. ಏನು ತಿದ್ದುತ್ತೀರಿ? ಇಲ್ಲಿದೆ ಗುಟ್ಟು. ನಾಯಕರ ಹುಟ್ಟುಹಬ್ಬದ ಫ್ಲೆಕ್ಸ್ ರಾತ್ರಿ ಹತ್ತಕ್ಕೆ ಮುಗಿದಿರುತ್ತದೆ. ಹತ್ತೂವರೆಗೆ ಒಂದು ಫೋನು: ತಾಲ್ಲೂಕು ಪಂಚಾಯ್ತಿಯ ಮಾಜಿ ಸದಸ್ಯರ ಮುಖ ಬಿಟ್ಟುಹೋಗಿದೆ. ಹನ್ನೊಂದಕ್ಕೆ ಇನ್ನೊಂದು: ಅವರ ಮುಖ ಇವರ ಮುಖಕ್ಕಿಂತ ಅರ್ಧ ಇಂಚು ದೊಡ್ಡದಾಗಿದೆ, ಎರಡನ್ನೂ ಸಮ ಮಾಡಿ. ಹನ್ನೊಂದೂವರೆಗೆ ಮೂರನೆಯದು: ಮೊದಲನೆಯವರು ಪಕ್ಷ ಬಿಟ್ಟರು, ತೆಗೆಯಿರಿ. ಹೀಗೆ ಮುಖಗಳನ್ನು ಏರಿಸಿ ಇಳಿಸುವ ಅನುಕೂಲಕ್ಕಾಗಿ ಊರಿಗೆ ಊರೇ ಒಂದೇ ಕಂಪನಿಯ ಫೈಲಿಗೆ ಕಟ್ಟುಬಿದ್ದಿದೆ. ತಂತ್ರಾಂಶವನ್ನು ಬಿಡಬಹುದು, ಫೈಲು ಬಿಡದು. ಬಾಡಿಗೆಯ ನಿಜವಾದ ಸರಪಳಿ ಅದೇ.

ಅದಕ್ಕೂ ಬಿಡುಗಡೆಯಿದೆ. ಬಿಡುಗಡೆಯ ಬಾಗಿಲು ಮಾಡಿಟ್ಟವರೂ ಅಡೋಬಿಯವರೇ. 1993ರಲ್ಲಿ ಅವರು ಹೊರತಂದ ಪಿಡಿಎಫ್ 2008ರಲ್ಲಿ ಐಎಸ್‌ಒ ಮಾನಕವಾಯಿತು. ಅಂದಿನಿಂದ ಅದು ಒಬ್ಬರ ಸೊತ್ತಲ್ಲ. ಸ್ಕ್ರೈಬಸ್ ಮಾಡಿದ ಪಿಡಿಎಫ್, ಇನ್‌ಡಿಸೈನ್ ಮಾಡಿದ ಪಿಡಿಎಫ್, ಎರಡನ್ನೂ ಮುದ್ರಣಾಲಯ ಅಚ್ಚು ಹಾಕುತ್ತದೆ. ಫಾಂಟು ಒಳಗೇ ಕೂತಿರುತ್ತದೆ, ಒತ್ತು ಕದಲುವುದಿಲ್ಲ. ಪ್ರೆಸ್ಸಿನವರು ಪಿಡಿಎಫ್‌ಗೆ ಒಪ್ಪಿದ ದಿನ, ಅದನ್ನು ಮಾಡಿದ್ದು ಬಾಡಿಗೆಯ ಕುಂಚವೋ, ಕದ್ದದ್ದೋ, ಸ್ವಂತದ್ದೋ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಆದ್ದರಿಂದ ಮುಂದಿನ ಸಲ ಸಿಡಿಆರ್ ಕೇಳಿದರೆ ಪಿಡಿಎಫ್ ಕಳಿಸಿ ನೋಡಿ. ಅಣ್ಣ ಖಂಡಿತ ಬೈಯುತ್ತಾರೆ. ಇದರಲ್ಲಿ ಹೊಸ ಮುಖ ಸೇರಿಸಲು ಆಗುವುದಿಲ್ಲ, ಇದ್ದ ಮುಖ ಹಿಗ್ಗಿಸಲು ಆಗುವುದಿಲ್ಲ ಎಂದು ಗೊಣಗುತ್ತಾರೆ. ಅದನ್ನು ದೋಷವೆಂದು ತಿಳಿಯಬೇಡಿ. 2018ರಲ್ಲಿ ಹೈಕೋರ್ಟು ಚಾಟಿ ಬೀಸಿ, ಪಾಲಿಕೆ ನಿಷೇಧ ಹೇರಿದರೂ ಬೆಂಗಳೂರಿನ ಕಂಬಗಳಿಂದ ಇಳಿಯದ ಮುಖಗಳನ್ನು ಒಂದು ಬಿಟ್ಟಿ ತಂತ್ರಾಂಶ ತಡೆಯುವುದಾದರೆ, ಅದಕ್ಕೆ ತಿಂಗಳಿಗೆ 70 ಡಾಲರ್ ಕಟ್ಟಲು ನಾನೂ ತಯಾರು.